ಎಡಬಲದ ಬೆಳಕು

ಅಡ್ಯಾರ್ ಎಂದೊಡನೆ ದಕ್ಷಿಣ ಕನ್ನಡದವರಿಗೆ ನೇತ್ರಾವತಿಯ ದಂಡೆಯ ಊರು ನೆನಪಾಗುವುದು ಸಹಜವಾದರೂ, ನಾನು ಹೇಳಹೊರಟಿರುವುದು ಚೆನ್ನೈ ನಗರದ ದಕ್ಷಿಣಭಾಗದಲ್ಲಿ, ತನ್ನದೇ ಹೆಸರಿನ ನದಿಯು ಕಡಲನ್ನು ಸೇರುವೆಡೆಯಲ್ಲಿರುವ ಅಡ್ಯಾರಿನ ವಿಷಯ. 1882ರಲ್ಲಿ ಥಿಯಾಸಫಿಕಲ್ ಸೊಸೈಟಿಯು ಬಂದು ನೆಲೆಸಿದ ಆ ವಿಶಾಲವಾದ ತೋಪಿನ ಬಳಿ, ಮರಗಳ ನೆರಳಿನಿಂದಾಗಿ ಊರಿನ ಉಳಿದೆಡೆಗಿಂತ ತುಸು ಮೊದಲೇ ಕತ್ತಲೆ ಕವಿಯುವ ಬೆಸೆಂಟ್ ಅವೆನ್ಯೂ ರಸ್ತೆಯಲ್ಲಿ, ಎದುರಿನಿಂದ ಬಂದ ದೊಡ್ಡ ಕಾರೊಂದರ ದೀಪ ಕಣ್ಣಿಗೆ ಹೊಡೆದು ಸ್ಕೂಟರ್ ಸವಾರನೊಬ್ಬನು ಕ್ಷಣಕಾಲ ಕುರುಡನಂತಾದನೆನ್ನಿ. ಡಿಮ್ ಮಾಡಲಿಲ್ಲವೆಂದು ಅವನು ಕಾರಿನವನನ್ನು ಶಪಿಸುವುದು ಖಂಡಿತ. ಕಾರಿನವನು ಡಿಮ್ ಮಾಡಿಯೇ ಇದ್ದಿರಬಹುದು. ದೋಷವು ದೀಪದ ಜನ್ಮಭೂಮಿಯಲ್ಲಿರಬಹುದು.

ಮುಂದೀಪಕ್ಕೆ ಹೈ ಬೀಮ್, ಲೋ ಬೀಮ್ ಎಂದು ಎರಡು ಬಗೆಯ ಬೆಳಕುಂಟೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಲೋ ಬೀಮಿನ ಬೆಳಕು ಎಡಬಲಗಳಲ್ಲಿ ಸಮನಾಗಿರದೆ, ಬೇಕೆಂದೇ ಓರೆಯಾಗಿ ರೂಪಿತವಾದದ್ದೆಂಬುದನ್ನು ಅರಿತವರು ವಿರಳ. 1950ರ ದಶಕದ ಉತ್ತರಾರ್ಧದಲ್ಲಿ ಯೂರೋಪಿನಲ್ಲಿ ಬಳಕೆಗೆ ಬಂದ ಈ ವಿನ್ಯಾಸದಲ್ಲಿ, ಎದುರಿನ ವಾಹನಗಳು ಬರುವ ಪಾರ್ಶ್ವದಲ್ಲಿ ಬೆಳಕಿನ ಮೇಲಂಚು ದಾರ ಹಿಡಿದು ಗೆರೆಯೆಳೆದಂತೆ ತಗ್ಗಿನಲ್ಲಿಯೇ ನಿಂತುಬಿಡುತ್ತದೆ. ಕಾಲುದಾರಿಯ ಪಾರ್ಶ್ವದಲ್ಲಿಯಾದರೋ ಅದೇ ಅಂಚು ಸುಮಾರು 15 ಡಿಗ್ರಿಯಷ್ಟು ಮೇಲೇರಿ, ದೂರದ ಪಾದಚಾರಿಯನ್ನೂ ಸೈಕಲ್ಲಿನವನನ್ನೂ ಬೆಳಗಿ ತೋರಿಸುತ್ತದೆ. ಬಲಬದಿಯಲ್ಲಿ ಸಂಚರಿಸುವ ಜರ್ಮನಿ, ದುಬೈಗಳಲ್ಲಿ ಈ ಏರು ಬಲಕ್ಕೆ. ಇಂಗ್ಲೆಂಡ್, ಜಪಾನ್ ಮತ್ತು ನಮ್ಮ ದೇಶಗಳಲ್ಲಿ ಎಡಕ್ಕೆ. ಬಲಬದಿಯ ಸಂಚಾರದ ದೀಪವನ್ನು ಇಲ್ಲಿ ಉರಿಸಿದರೆ ಅನರ್ಥವು ಇಮ್ಮಡಿಯಾಗುತ್ತದೆ: ಬೆಳಕು ಬೇಡವಾದ ಕಣ್ಣಿಗೆ ಅದು ನೇರವಾಗಿ ತಾಗುತ್ತದೆ, ಬೇಕಾಗಿದ್ದ ಎಡ ಅಂಚು ಕತ್ತಲೆಯಲ್ಲಿ ಉಳಿಯುತ್ತದೆ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೆಯದು ಈ ವಿಷಯವನ್ನು ವಿಧಿಸುವ ರೀತಿ ನನಗೆ ಬಹಳ ಹಿಡಿಸಿತು. ದೀಪದಿಂದ 8 ಮೀಟರ್ ಮುಂದೆ, ವಾಹನದ ಬಲ ಅಂಚಿನಿಂದ ಅರ್ಧ ಮೀಟರ್ ಆಚೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣುಳ್ಳ ವ್ಯಕ್ತಿಯನ್ನು ಕಂಗೆಡಿಸದಷ್ಟು ಬೆಳಕನ್ನು ಶಾಶ್ವತವಾಗಿ ಕೆಳಕ್ಕೆ ಬಾಗಿಸಿರಬೇಕೆಂದು ಅದು ಹೇಳುತ್ತದೆ. ಶುಷ್ಕವೆಂದು ನಾವು ಭಾವಿಸುವ ಕಾನೂನು, ಯಂತ್ರದ ಅಳತೆಯನ್ನು ಬಿಟ್ಟು, ಎದುರಿಗೆ ಬರುವ ಅಪರಿಚಿತನ ಕಣ್ಣನ್ನೇ ಇಲ್ಲಿ ಮಾನದಂಡವಾಗಿ ಹಿಡಿದಿದೆ!

ಹೊರದೇಶದಿಂದ ಬರುವ ಕಾರಿನ ಸ್ಟೀರಿಂಗು ಬಲಗಡೆ ಇರತಕ್ಕದ್ದು, ವೇಗಮಾಪಕವು ಕಿಲೋಮೀಟರುಗಳನ್ನು ತೋರಿಸತಕ್ಕದ್ದು ಎಂಬ ಷರತ್ತುಗಳೊಡನೆ, ಮುಂದೀಪದ ಬೆಳಕು ಎಡಬದಿಯ ಸಂಚಾರಕ್ಕೆ ಒಪ್ಪುವಂತಿರತಕ್ಕದ್ದೆಂಬುದನ್ನೂ ನಮ್ಮ ಆಮದು ನೀತಿಯು ಸ್ಪಷ್ಟವಾಗಿ ವಿಧಿಸಿದೆ. ಆದಕಾರಣ ಚೆನ್ನೈ ಬಂದರಿನಲ್ಲಿ ಕ್ರಮಬದ್ಧವಾಗಿ ಇಳಿದ ಹೊಸ ಕಾರಿನಲ್ಲಿ ಈ ದೋಷವಿರಬಾರದು. ಅದು ನುಸುಳುವುದು ಅನಂತರ. ಎಲ್ಲಿಯೋ ತಗುಲಿ ದೀಪ ಒಡೆದುಹೋದಾಗ, ಷೋರೂಮಿನವರು ಹೇಳಿದ ಬೆಲೆಯನ್ನು ಕೇಳಿ ಎದೆಗುಂದಿದ ಯಜಮಾನನು, ದುಬೈಯಿಂದಲೋ ಹಳೆಯ ಬಿಡಿಭಾಗಗಳಿಗೆ ಹೆಸರಾದ ಪುದುಪ್ಪೇಟೆಯಿಂದಲೋ ಅಗ್ಗಕ್ಕೊಂದು ದೀಪವನ್ನು ತರಿಸುತ್ತಾನೆ. ಅದು ನೋಟಕ್ಕೂ ಅದೇ, ಕೂರುವ ಜಾಗಕ್ಕೂ ಸರಿ. ಅದರೊಳಗಣ ಬೆಳಕು ಮಾತ್ರ ಪರದೇಶದ್ದಾಗಿ ಉಳಿದಿರಬಹುದು. ಹಿಂದೀಪದ ಗೋಳು ಅಮೆರಿಕೆಯ ಕಾರುಗಳಲ್ಲಿ ಹೆಚ್ಚು. ಅಲ್ಲಿ ಬ್ರೇಕಿನ ಕೆಂಪು ಬಲ್ಬೇ ಮಿನುಗಿ ಇಂಡಿಕೇಟರಿನ ಕೆಲಸವನ್ನೂ ಮಾಡುವುದುಂಟು. ನಮ್ಮಲ್ಲಿ ಇಂಡಿಕೇಟರು ಹಳದಿಗೆಂಪಾಗಿಯೇ ಇರಬೇಕಾದ್ದರಿಂದ, ಬಲ್ಬು ಬದಲಿಸಿದರೆ ಸಾಲದೆ ಬೇರೆಯ ತಂತಿಯನ್ನೇ ಎಳೆಯಬೇಕಾದೀತು.

ಸುಲಭೋಪಾಯಗಳೂ ಇಲ್ಲದಿಲ್ಲ. ಫ್ರಾನ್ಸಿನಿಂದ ಇಂಗ್ಲೆಂಡಿಗೆ ಕಾಲುವೆ ದಾಟುವ ಪ್ರವಾಸಿಗಳು ಗಾಜಿನ ಮೇಲೆ ಪಟ್ಟಿಯೊಂದನ್ನು ಅಂಟಿಸಿ ಏರಿದ ಬೆಳಕನ್ನು ಮರೆಮಾಡುತ್ತಾರೆ. ಕೆಲವು ಕಾರುಗಳ ದೀಪದೊಳಗೆ ಅದಕ್ಕೆಂದೇ ಒಂದು ಚಿಕ್ಕ ಸನ್ನೆ ಇರುತ್ತದೆ. ಇಂಥ ಉಪಾಯವು ನಾಲ್ಕು ದಿನದ ಅತಿಥಿಗೆ ಸಾಕು, ನೆಲೆನಿಂತವನಿಗೆ ಸಾಲದು. ನಮ್ಮಲ್ಲಿ ಗಾಜಿನ ಮೇಲರ್ಧಕ್ಕೆ ಕಪ್ಪು ಬಣ್ಣ ಬಳಿಯುವ ಹಳೆಯ ಅಭ್ಯಾಸವೊಂದುಂಟಷ್ಟೆ. ಎಚ್-4 ಬಲ್ಬಿನ ದೀಪದಲ್ಲಿ ಡಿಮ್ ಬೆಳಕು ಪ್ರತಿಫಲಕದ ಮೇಲರ್ಧದಿಂದಲೇ ಹೊಮ್ಮುವುದರಿಂದ, ಆ ಬಣ್ಣವು ಎದುರಿನವನಿಗೆ ಉಪಕರಿಸುವುದಕ್ಕಿಂತ ಹೆಚ್ಚಾಗಿ ಚಾಲಕನ ದಾರಿಯನ್ನೇ ಮಸುಕುಗೊಳಿಸುತ್ತದೆ. ಪ್ರಖರವಾದ ಬಲ್ಬನ್ನು ತುರುಕುವವರ ಮಾತನ್ನು ಆಡದಿರುವುದೇ ಲೇಸು.

ಎಡಬದಿಯ ಸಂಚಾರಕ್ಕೆಂದು ನಿರ್ಮಾತೃವೇ ತಯಾರಿಸಿದ ಜೋಡಿ ದೀಪವನ್ನು ಹಾಕಿಸಿ, ಅನಂತರ ಫೋಕಸ್ ಕೂಡಿಸುವುದೊಂದೇ ಸರಿಯಾದ ಮಾರ್ಗ. ಅದಕ್ಕೆ ಬೇಕಾದದ್ದು ಸಮನೆಲ, ತಕ್ಕಷ್ಟು ಗಾಳಿ ತುಂಬಿದ ಟೈರುಗಳು, ಹತ್ತು ಮೀಟರ್ ದೂರದಲ್ಲಿ ಒಂದು ಗೋಡೆ. ದೀಪದ ನಡುವಿನ ಎತ್ತರಕ್ಕೆ ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಗೆರೆಯೆಳೆದು, ಲೋ ಬೀಮಿನ ಅಂಚು ಅದಕ್ಕಿಂತ ಸುಮಾರು ಹತ್ತು ಸೆಂಟಿಮೀಟರ್ ಕೆಳಗೆ ನಿಲ್ಲುವವರೆಗೆ ಮೆಕ್ಯಾನಿಕ್ಕನು ಹಿಂಬದಿಯ ತಿರುಪನ್ನು ತಿರುಗಿಸುತ್ತಾನೆ. ಆಗ ಸಂಜೆಗತ್ತಲೆಯಲ್ಲಿ ಕಾರಿನ ಹಿಂದೆ ನಿಂತು ನೋಡಿದರೆ, ಬಲಗಡೆ ನೇರವಾಗಿ ಮಲಗಿದ ಬೆಳಕು, ಎಡಕ್ಕೆ ಬಂದೊಡನೆ ಮೆಲ್ಲಗೆ ಗೋಡೆ ಹತ್ತತೊಡಗುವುದು ಕಾಣಿಸುತ್ತದೆ.