ಸಕ್ಕರೆ, ರೊಟ್ಟಿ, ಕಣಿಕೆ: ಒಂದೇ ಕಣದ ಮೂರು ರೂಪ

“ಡಾಕ್ಟರ್ರ, ಸಕ್ಕರಿ ಬಿಟ್ಟೇವ್ರಿ, ಈಗ ಬೆಲ್ಲದ ಚಾ ಅಷ್ಟ ಕುಡಿತೇವ್ರಿ” ಎಂಬ ಮಾತನ್ನು ಮಧುಮೇಹಿಗಳಿಂದ ನಾವು ನಿತ್ಯವೂ ಕೇಳುತ್ತೇವೆ. ಎಂ.ಕೆ. ಹುಬ್ಬಳ್ಳಿಯ ಸುತ್ತಲಿನ ಸದ್ಭಕ್ತರಿಗೆ ಕಬ್ಬೂ ಹೊಸದಲ್ಲ, ಜೋಳವೂ ಹೊಸದಲ್ಲ. ಇವುಗಳೊಳಗಿನ ರಸಾಯನವನ್ನು ಅರಿತರೆ ಈ ಮಾತಿನಲ್ಲಿರುವ ಅಪಾಯ ತಾನಾಗಿಯೇ ತಿಳಿಯುತ್ತದೆ. ಜೀವಶಾಸ್ತ್ರವನ್ನು ಈಗಷ್ಟೇ ಓದತೊಡಗಿರುವ ಮಕ್ಕಳಿಗೂ ಇದು ಉಪಯುಕ್ತ.

ಮಾನವ ಶರೀರದ ತೂಕದಲ್ಲಿ ಸುಮಾರು ಶೇ. 96ರಷ್ಟು ಆಮ್ಲಜನಕ, ಇಂಗಾಲ, ಜಲಜನಕ ಮತ್ತು ಸಾರಜನಕ ಎಂಬ ನಾಲ್ಕೇ ಮೂಲವಸ್ತುಗಳಿಂದಾದುದು. ಇವು ಬಗೆಬಗೆಯಾಗಿ ಜೋಡಣೆಗೊಂಡು ಪಿಷ್ಟ, ಪ್ರೋಟೀನ್, ಕೊಬ್ಬುಗಳಾಗುತ್ತವೆ. ಆದುದರಿಂದ ಯಾವ ವಸ್ತುವಿದೆ ಎಂಬುದಷ್ಟೇ ಅಲ್ಲ, ಅದು ಹೇಗೆ ಜೋಡಣೆಗೊಂಡಿದೆ ಎಂಬುದೂ ಮುಖ್ಯ.

ಗ್ಲೂಕೋಸ್ ಎಂಬ ಮಣಿ

ಸಸ್ಯವು ಗಾಳಿ, ನೀರು ಮತ್ತು ಬಿಸಿಲಿನ ನೆರವಿನಿಂದ ಗ್ಲೂಕೋಸನ್ನು ನಿರ್ಮಿಸುತ್ತದೆ. ಅದರ ಒಂದು ಕಣದಲ್ಲಿ ಇಂಗಾಲದ 6, ಜಲಜನಕದ 12, ಆಮ್ಲಜನಕದ 6 ಪರಮಾಣುಗಳಿವೆ. ಇದನ್ನು ಒಂದು ಮಣಿಯೆಂದು ಭಾವಿಸೋಣ. ಈ ಮಣಿಗೆ ಫ್ರಕ್ಟೋಸ್ ಎಂಬ ಇನ್ನೊಂದು ಮಣಿ ಕೂಡಿದರೆ ಸುಕ್ರೋಸ್. ಕಬ್ಬಿನ ಹಾಲಿನ ಸಿಹಿ ಇದೇ. ಕಾರ್ಖಾನೆಯು ಆ ಹಾಲನ್ನು ಕಾಯಿಸಿ, ಕಾಕಂಬಿಯನ್ನು ಬೇರ್ಪಡಿಸಿ ಹರಳು ತೆಗೆಯುತ್ತದೆ. ಬೆಲ್ಲದ ಗಾಣದಲ್ಲಿ ಕಾಕಂಬಿ ಬೇರ್ಪಡುವುದಿಲ್ಲವಾದ್ದರಿಂದ ಬೆಲ್ಲದಲ್ಲಿ ತುಸು ಖನಿಜಾಂಶ ಉಳಿಯುತ್ತದೆ. ಆದರೆ ಬೆಲ್ಲದ ಬಹುಭಾಗ ಸುಕ್ರೋಸೇ. ಸಣ್ಣ ಕರುಳಿನಲ್ಲಿ ಅದು ಬೇಗನೆ ಒಡೆದು ರಕ್ತವನ್ನು ಸೇರುತ್ತದೆ.

ಗ್ಲೂಕೋಸ್ ಮಣಿಗಳು ಸಾವಿರಾರು ಸಂಖ್ಯೆಯಲ್ಲಿ ಸರವಾದರೆ ಅದು ಪಿಷ್ಟ. ಜೋಳ, ಗೋಧಿ, ಅಕ್ಕಿಗಳಲ್ಲಿ ಇರುವುದು ಹೆಚ್ಚಾಗಿ ಇದೇ. ರೊಟ್ಟಿಯ ತುಣುಕನ್ನು ಬಹಳ ಹೊತ್ತು ಅಗಿದು ನೋಡಿರಿ, ಮೆಲ್ಲನೆ ಸಿಹಿ ತೋರುತ್ತದೆ. ಜೊಲ್ಲಿನಲ್ಲಿರುವ ಕಿಣ್ವವು ಸರವನ್ನು ಕತ್ತರಿಸತೊಡಗಿದುದರ ಗುರುತು ಅದು.

ಜೋಳದ ಕಣಿಕೆಯಲ್ಲಿಯೂ ಇದೇ ಗ್ಲೂಕೋಸ್ ಮಣಿಗಳ ಸರವಿದೆ. ಆದರೆ ಮಣಿಗಳ ಬೆಸುಗೆಯ ರೀತಿ ಬೇರೆ. ಅದರ ಹೆಸರು ಸೆಲ್ಯುಲೋಸ್. ಆ ಬೆಸುಗೆಯನ್ನು ಬಿಡಿಸಬಲ್ಲ ಕಿಣ್ವ ಮನುಷ್ಯನಲ್ಲಿಲ್ಲ. ಎತ್ತಿನ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳಲ್ಲಿ ಅದು ಇರುವುದರಿಂದಲೇ ಎತ್ತು ಕಣಿಕೆ ತಿಂದು ಬದುಕುತ್ತದೆ. ಸೊಪ್ಪು ತರಕಾರಿಗಳ ನಾರಿನಲ್ಲಿಯೂ ಸೆಲ್ಯುಲೋಸ್ ಇದೆ. ನಾರು ನಮಗೆ ಸಕ್ಕರೆಯಾಗದು. ಊಟದೊಡನೆ ಇದ್ದು, ಇತರ ಆಹಾರದ ಸಕ್ಕರೆ ಒಮ್ಮೆಲೇ ರಕ್ತಕ್ಕೆ ನುಗ್ಗದಂತೆ ತಡೆಯುತ್ತದೆ.

ಒಂದು ಚಹಾ ಚಮಚದ ಲೆಕ್ಕ

ಆರೋಗ್ಯವಂತ ವಯಸ್ಕರ ಸುಮಾರು 5 ಲೀಟರ್ ರಕ್ತದಲ್ಲಿ, ಹಸಿದ ಹೊತ್ತಿನಲ್ಲಿ ಇರುವ ಗ್ಲೂಕೋಸ್ ಸುಮಾರು 5 ಗ್ರಾಂ, ಅಂದರೆ ಒಂದು ಚಹಾ ಚಮಚದಷ್ಟು. ಈ ಮಟ್ಟವನ್ನು ಕಾಯುವ ಮುಖ್ಯ ರಸದೂತ ಇನ್ಸುಲಿನ್. ಅದು 51 ಅಮೈನೋ ಆಮ್ಲಗಳಿಂದಾದ ಸಣ್ಣ ಪ್ರೋಟೀನ್. ಬೇಳೆಯ ಪ್ರೋಟೀನಿನಂತೆ ಅದೂ ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುವುದರಿಂದಲೇ ಅದನ್ನು ಸೂಜಿಯ ಮೂಲಕ ನೀಡಬೇಕಾಗುತ್ತದೆ. ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ಚರಕ ಸಂಹಿತೆ ಅಂದೇ ಗುರುತಿಸಿತ್ತು. ಮಟ್ಟ ಮೀರಿದ ಗ್ಲೂಕೋಸನ್ನು ಮೂತ್ರಪಿಂಡಗಳು ಹೊರಚೆಲ್ಲುವುದೇ ಅದಕ್ಕೆ ಕಾರಣ.

ತಾಟಿನಲ್ಲಿ ಏನಿರಬೇಕು?

ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಹೆಸರು, ಮಡಕಿ, ಕಡಲೆಗಳಲ್ಲಿ ಅದು ಸಮೃದ್ಧ. ರೊಟ್ಟಿಯೊಡನೆ ಕಾಳುಪಲ್ಲೆ ಬಡಿಸಿದ ನಮ್ಮ ಹಿರಿಯರ ರೂಢಿಯು ರಸಾಯನಕ್ಕೂ ಒಪ್ಪುವಂಥದು. ಶೇಂಗಾ ಚಟ್ನಿಯೂ ಒಳ್ಳೆಯದೇ, ಆದರೆ ಮಿತವಾಗಿರಲಿ. ಒಂದು ಗ್ರಾಂ ಪಿಷ್ಟ ಸುಮಾರು 4 ಕಿಲೋಕ್ಯಾಲರಿ ಶಕ್ತಿ ಕೊಟ್ಟರೆ, ಒಂದು ಗ್ರಾಂ ಕೊಬ್ಬು 9 ಕೊಡುತ್ತದೆ.

ಮಧುಮೇಹವುಳ್ಳವರು ಬೆಲ್ಲವನ್ನು ಸಕ್ಕರೆಯ ಲೆಕ್ಕದಲ್ಲಿಯೇ ಹಿಡಿಯಬೇಕು. ರೊಟ್ಟಿಯ ಸಂಖ್ಯೆಗೆ ಮಿತಿಯಿರಲಿ. ಮೆಂತ್ಯದ ಸೊಪ್ಪು, ಸವತೆಕಾಯಿ, ಗಜ್ಜರಿ ಹೆಚ್ಚಲಿ. ಕಷಾಯ, ಚೂರ್ಣಗಳನ್ನು ನಂಬಿ ಇನ್ಸುಲಿನ್ ಅಥವಾ ಗುಳಿಗೆಗಳನ್ನು ತಾವಾಗಿ ನಿಲ್ಲಿಸಬಾರದು; ಆಯುರ್ವೇದ ವೈದ್ಯರಾಗಿಯೇ ನಾವು ಈ ಮಾತನ್ನು ಒತ್ತಿ ಹೇಳುತ್ತೇವೆ. ಇನ್ನು ದಾಸೋಹದ ಗೋಧಿ ಹುಗ್ಗಿ: ಒಂದು ತುತ್ತು ಸ್ವೀಕರಿಸಿದರೂ ಅದು ಪ್ರಸಾದವೇ. ಮತ್ತೊಮ್ಮೆ ಬಡಿಸಬಂದವರಿಗೆ ಕೈಮುಗಿದು ಸಾಕೆನ್ನುವುದರಿಂದ ಭಕ್ತಿಗೆ ಕೊರತೆಯಾಗದು.