ಒಂದೇ ಮೇಜಿನ ಊಟ

ಮಸ್ಕಿಯಿಂದ ಲಿಂಗಸುಗೂರಿಗಾಗಲಿ ಸಿಂಧನೂರಿಗಾಗಲಿ ಹೊರಡುವಾಗ ನಾನು ಬುತ್ತಿಯನ್ನು ಕಟ್ಟಿಕೊಳ್ಳದೆ ಹೋದವನಲ್ಲ. ಖಾನಾವಳಿಯಲ್ಲಿ ಅಪರಿಚಿತರ ಮಗ್ಗುಲಲ್ಲಿ ಕುಳಿತು ಉಣ್ಣುವುದು ನನಗೆ ಒಗ್ಗದು. ಮಕ್ಕಳಿಗೆ ಸಂಸ್ಕೃತವನ್ನು ಕಲಿಸಿದ ಮೂವತ್ತು ವರ್ಷಗಳ ಕಾಲವೂ ಇದನ್ನು ಶುಚಿತ್ವವೆಂದೇ ಎಣಿಸಿದ್ದೆನು.

ಕೆಲವು ತಿಂಗಳ ಹಿಂದೆ ಮಗನನ್ನು ಕಾಣಲು ಹಾಂಗ್‌ಕಾಂಗಿಗೆ ಹೋದೆನು. ಅಲ್ಲಿಯ ಬಹುಜನರ ಮಾತು ಕ್ಯಾಂಟನೀಸ್. ದಕ್ಷಿಣ ಚೀನದ ಕ್ಯಾಂಟನ್, ಎಂದರೆ ಈಗಿನ ಗ್ವಾಂಗ್‌ಜೋ, ಸೀಮೆಯ ನುಡಿ. ಒಂದು ಬೆಳಿಗ್ಗೆ ಮಗನು ಅಗ್ಗದ ಚಹದಂಗಡಿಗೆ ಕರೆದೊಯ್ದನು. ಬರಿದಾದ ಮೇಜು ಒಂದೂ ಇರಲಿಲ್ಲ. ಬಡಿಸುವವನು ನಮ್ಮನ್ನು ಕೇಳದೆಯೇ ವೃದ್ಧನೊಬ್ಬನು ಕುಳಿತಿದ್ದ ಮೇಜಿಗೆ ಕೂಡಿಸಿದನು. ಜನ ಹೆಚ್ಚಾದಾಗ ಅಪರಿಚಿತರು ಒಂದೇ ಮೇಜಿನಲ್ಲಿ ಉಣ್ಣುವುದು ಅಲ್ಲಿಯ ರೂಢಿಯಂತೆ. ನಾನು ಕುರ್ಚಿಯನ್ನು ಕೊಂಚ ಹಿಂದಕ್ಕೆ ಸರಿಸಿಕೊಂಡೆನು.

ಆ ವೃದ್ಧನ ಬೆರಳುಗಳಲ್ಲಿ ಸುಣ್ಣಬಣ್ಣದ ಕಲೆಗಳಿದ್ದುವು. ಅವನು ನನ್ನ ಬಟ್ಟಲನ್ನು ಎಳೆದುಕೊಂಡು, ಬಿಸಿ ಚಹವನ್ನು ಸುರಿದು ತೊಳೆದು, ಆ ನೀರನ್ನು ಬೋಗುಣಿಗೆ ಚೆಲ್ಲಿ, ಮತ್ತೆ ಚಹವನ್ನು ತುಂಬಿ ನನ್ನ ಮುಂದಿಟ್ಟನು. ಉಣ್ಣುವ ಮೊದಲು ಪಾತ್ರೆಯನ್ನು ಹೀಗೆ ತೊಳೆಯುವುದೂ ಅಲ್ಲಿಯ ಪದ್ಧತಿಯೇ. ಶುಚಿತ್ವವು ನನ್ನೊಬ್ಬನ ಸೊತ್ತಲ್ಲವೆಂದು ಆಗ ತಿಳಿಯಿತು. ಮಗನ ಸೂಚನೆಯಂತೆ ಎರಡು ಬೆರಳುಗಳಿಂದ ಮೇಜನ್ನು ಮೆಲ್ಲನೆ ತಟ್ಟಿದೆನು. ಚಹ ಸುರಿದವರಿಗೆ ಅಲ್ಲಿ ಕೃತಜ್ಞತೆಯನ್ನು ಹೇಳುವ ಬಗೆ ಇದು. ವೃದ್ಧನು ನಕ್ಕನು. ನಮ್ಮ ‘ಚಹ’ವೂ ಅವರ ‘ಚಾ’ವೂ ಒಂದೇ ಮೂಲದ ಶಬ್ದಗಳೆಂಬುದನ್ನು ಅವನಿಗೆ ಹೇಳಲು ನನಗೆ ಭಾಷೆಯಿರಲಿಲ್ಲ.

ಸಸ್ಯಾಹಾರಿಗಳು ಅಲ್ಲಿ ಎಚ್ಚರದಿಂದಿರಬೇಕು. ಸೊಪ್ಪಿನ ಪಲ್ಯದಲ್ಲಿಯೂ ಹಂದಿಯ ಕೊಬ್ಬು ಬೆರೆತಿರಬಹುದು. ‘ಜಾಯ್’ ಎಂಬ ಮಾತು ನಿರಾಮಿಷವನ್ನು ಸೂಚಿಸುವುದು. ಮಗನು ವಿಚಾರಿಸಿ ತರಿಸಿದುದು ‘ಜಾಯ್ ಚೇಂಗ್’. ಅಕ್ಕಿಯ ಹಿಟ್ಟನ್ನು ನೀರಾಗಿ ಕಲಸಿ, ತೆಳ್ಳಗೆ ಹರಡಿ, ಹಬೆಯಲ್ಲಿ ಬೇಯಿಸಿ, ಹೂರಣವಿಲ್ಲದೆ ಸುರುಳಿ ಸುತ್ತಿ, ಸೋಯಾ ರಸವನ್ನೂ ಎಳ್ಳನ್ನೂ ಹಾಕಿ ಕೊಡುವರು. ತುಂಗಭದ್ರೆಯ ಎಡದಂಡೆಯ ಕಾಲುವೆಯಿಂದ ಬತ್ತದ ಕಣಜವಾದ ಸಿಂಧನೂರಿನ ನೆರೆಯವನಿಗೆ ಅದು ಪರದೇಶದ ತಿನಿಸೆನಿಸಲಿಲ್ಲ.

ಊರಿಗೆ ಮರಳಿದ ಮೇಲೆ ನಮ್ಮ ಬಂಡೆಯ ಶಾಸನವು ನೆನಪಾಯಿತು. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಎಂಬವರು ಮಸ್ಕಿಯಲ್ಲಿ ಇದನ್ನು ಕಂಡುಹಿಡಿದರು. ಅಶೋಕನ ಹೆಸರು ಅವನದೇ ಶಾಸನಗಳಲ್ಲಿ ಮೊದಲು ದೊರೆತುದು ಇದರಲ್ಲಿಯೇ. ಧರ್ಮದ ಫಲವು ದೊಡ್ಡವರಿಗೆ ಮಾತ್ರವೆಂದು ತಿಳಿಯಬಾರದು, ಸಣ್ಣವರಿಗೂ ಅದು ಲಭ್ಯವೆಂಬುದು ಅದರ ತಾತ್ಪರ್ಯ. ಎಷ್ಟೋ ಸಲ ಮಕ್ಕಳಿಗೆ ಇದನ್ನು ವಿವರಿಸಿದ್ದೆನು. ಪಾಠವನ್ನು ನಾನೇ ಕಲಿತಿರಲಿಲ್ಲ.

ಮರುವಾರ ಬುತ್ತಿಯಿಲ್ಲದೆ ಲಿಂಗಸುಗೂರಿಗೆ ಹೋದೆನು. ಖಾನಾವಳಿಯಲ್ಲಿ ಹಮಾಲಿಯೊಬ್ಬನು ಸರಿದು ಕುಳಿತು, “ಬರ್ರಿ ಸರ, ಇಲ್ಲೇ ಕುಂದರ್ರಿ” ಎಂದನು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಂದುವು. ನೀರಿನ ತಂಬಿಗೆಯನ್ನು ಎತ್ತಿ ಮೊದಲು ಅವನ ಲೋಟಕ್ಕೆ ಸುರಿದೆನು. ಬುತ್ತಿ ಕಟ್ಟುವ ಕೆಲಸ ತಪ್ಪಿತೆಂದು ಮನೆಯವಳಿಗೂ ಹರ್ಷ!