ಎಬಿಎಸ್ ದೀಪ ಮಳೆಗಾಲದಲ್ಲೇ ಯಾಕೆ ಹತ್ತುತ್ತದೆ?

ವಿರಾಜಪೇಟೆ ಕಡೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರ ಕಾರಿಗೆ ಹನ್ನೆರಡು ವರ್ಷ. ಮಳೆ ಹಿಡಿಯಿತೆಂದರೆ ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ ಎಂಬ ಹಳದಿ ದೀಪ ಹತ್ತಿಕೊಳ್ಳುತ್ತದೆ, ಬಿಸಿಲು ಬಂದ ಮೇಲೆ ತಾನಾಗಿ ಆರುತ್ತದೆ. ಒಂದು ಗ್ಯಾರೇಜಿನಲ್ಲಿ ‘ಇಡೀ ಯೂನಿಟ್ ಹೋಗಿದೆ, ಬದಲಾಯಿಸಬೇಕು’ ಎಂದರಂತೆ. ಇನ್ನೊಂದರಲ್ಲಿ ‘ಬಲ್ಬ್ ತೆಗೆದುಬಿಡೋಣ ಸಾರ್, ಬ್ರೇಕ್ ಹೇಗೂ ಹಿಡಿಯುತ್ತಲ್ಲ’ ಎಂದರಂತೆ. ಮಾಕುಟ್ಟ ಘಾಟಿ ಇಳಿದು ಇರಿಟ್ಟಿ ಕಡೆಗೆ ಆಗಾಗ ಹೋಗಿಬರುವವರು ಅವರು. ಯಾರ ಮಾತು ಕೇಳಲಿ ಎಂಬುದು ಪ್ರಶ್ನೆ.

ಸದ್ಯಕ್ಕೆ ಇಬ್ಬರದೂ ಬೇಡ. ಪತ್ರದಲ್ಲೇ ಒಂದು ಸುಳಿವಿದೆ. ಯೂನಿಟ್ಟೇ ಕೆಟ್ಟಿದ್ದರೆ ಅದಕ್ಕೆ ಕಕ್ಕಡವೂ ಒಂದೇ, ಶಿವರಾತ್ರಿಯೂ ಒಂದೇ. ಮಳೆಯಲ್ಲಿ ಮಾತ್ರ ತಕರಾರು ಬರುತ್ತಿದೆ ಎಂದರೆ ನೀರು, ಕೆಸರು, ತುಕ್ಕು ತಲುಪುವ ಕಡೆ ಹುಡುಕಬೇಕು. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್‌ನಲ್ಲಿ ಅಂಥ ಜಾಗ ಚಕ್ರದ ಬುಡ. ಹಳೆಯ ಕಾರುಗಳ ಎಬಿಎಸ್ ದೂರುಗಳು ಹೆಚ್ಚಾಗಿ ಹುಟ್ಟುವುದೂ ಅಲ್ಲೇ.

ಹಬ್ಬಿನ ಬಳಿ ಅಥವಾ ಆಕ್ಸಲಿನ ತುದಿಯಲ್ಲಿ ಹಲ್ಲುಹಲ್ಲಾದ ಕಬ್ಬಿಣದ ಬಳೆಯೊಂದಿರುತ್ತದೆ. ಮೆಕ್ಯಾನಿಕ್‌ಗಳು ಅದನ್ನು ಸೆನ್ಸರ್ ರಿಂಗ್ ಎನ್ನುತ್ತಾರೆ. ಅದರ ಎದುರಿಗೆ, ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಅಂತರದಲ್ಲಿ, ಹೆಬ್ಬೆರಳಷ್ಟು ದಪ್ಪದ ಸೆನ್ಸರ್. ಹಳೆಯ ಬಗೆಯ ಸೆನ್ಸರಿನ ಒಳಗೆ ಇರುವುದು ಒಂದು ಅಯಸ್ಕಾಂತ, ಅದರ ಸುತ್ತ ತಂತಿಯ ಸುರುಳಿ, ಅಷ್ಟೆ. ಹಲ್ಲೊಂದು ಎದುರು ಬಂದಾಗ ಕಾಂತಕ್ಷೇತ್ರ ಹೆಚ್ಚುತ್ತದೆ, ಹಲ್ಲಿನ ಸಂದು ಬಂದಾಗ ತಗ್ಗುತ್ತದೆ, ಈ ಏರಿಳಿತಕ್ಕೆ ಸುರುಳಿಯಲ್ಲಿ ವಿದ್ಯುತ್ ಮಿಡಿಯುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟ ತತ್ವವಿದು. ನಮ್ಮ ಜಲವಿದ್ಯುತ್ ಸ್ಥಾವರಗಳ ಜನರೇಟರ್ ವಿದ್ಯುತ್ ಹುಟ್ಟಿಸುವುದೂ ಇದೇ ಲೆಕ್ಕದಲ್ಲಿ. ಬಳೆಗೆ 48 ಹಲ್ಲು, ಟೈರಿನ ಸುತ್ತಳತೆ 1.8 ಮೀಟರ್ ಎಂದಿಟ್ಟುಕೊಂಡರೆ, ಗಂಟೆಗೆ 60 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 440 ಮಿಡಿತ. 10 ಕಿ.ಮೀ. ವೇಗದಲ್ಲಿ ಎಪ್ಪತ್ತೈದರ ಆಸುಪಾಸು. ಎಬಿಎಸ್ ನಡೆಸುವ ಕಂಪ್ಯೂಟರಿಗೆ ಚಕ್ರದ ಬಗ್ಗೆ ಗೊತ್ತಿರುವುದೆಲ್ಲ ಈ ಎಣಿಕೆಯಿಂದ ಬಂದದ್ದು. ನಾಲ್ಕು ಚಕ್ರಗಳಲ್ಲಿ ಒಂದರ ಎಣಿಕೆ ಥಟ್ಟನೆ ಕುಸಿದರೆ ಅದು ಲಾಕ್ ಆಗುತ್ತಿದೆ ಎಂದು ತಿಳಿದು, ಆ ಚಕ್ರಕ್ಕೆ ಹೋಗುವ ಬ್ರೇಕ್ ಆಯಿಲ್‌ನ ಒತ್ತಡವನ್ನು ವಾಲ್ವ್ ತೆರೆದು ಇಳಿಸುತ್ತದೆ, ಚಕ್ರ ತಿರುಗತೊಡಗಿದ ಕೂಡಲೇ ಮತ್ತೆ ಏರಿಸುತ್ತದೆ. ಇದು ಒಂದು ಸೆಕೆಂಡಿನೊಳಗೆ ಹಲವು ಸಲ ನಡೆಯುತ್ತದೆ. ಪೆಡಲ್ ಕಾಲಡಿ ಗಡಗಡ ಎನ್ನುವುದು ಅದಕ್ಕೇ.

ಈ ಮಿಡಿತ ಕೆಡುವುದು ಹೀಗೆ. ಸೆನ್ಸರಿನ ಅಯಸ್ಕಾಂತ ಕೆಸರಿನಲ್ಲಿರುವ ಕಬ್ಬಿಣದ ಪುಡಿಯನ್ನು ಎಳೆದುಕೊಳ್ಳುತ್ತದೆ, ಬ್ರೇಕ್ ಸವೆದು ಉದುರುವ ಪುಡಿಯೂ ಅಲ್ಲೇ ಕೂರುತ್ತದೆ. ಅದಕ್ಕಿಂತ ಕಿಲಾಡಿ ತುಕ್ಕು. ಕಬ್ಬಿಣ ತುಕ್ಕಾದಾಗ ಊದಿಕೊಳ್ಳುತ್ತದೆ. ಸೆನ್ಸರ್ ಕೂತಿರುವ ಜಾಗದ ಕೆಳಗೆ ತುಕ್ಕು ಬೆಳೆದರೆ ಸೆನ್ಸರನ್ನೇ ಕೂದಲೆಳೆಯಷ್ಟು ಮೇಲೆತ್ತುತ್ತದೆ. ಅಷ್ಟು ಸಾಕು, ಮಿಡಿತ ಸೊರಗುತ್ತದೆ. ವೇಗ ಕಡಿಮೆಯಾದಾಗ ಪೂರ್ತಿ ಮಾಯ. 2005ರಲ್ಲಿ ಅಮೆರಿಕದಲ್ಲಿ ಜನರಲ್ ಮೋಟರ್ಸ್ ಕಂಪನಿ, ಹಿಮಕ್ಕೆ ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳಿಂದ ಸುಮಾರು 8 ಲಕ್ಷ ವಾಹನಗಳನ್ನು ವಾಪಸ್ ಕರೆಸಿಕೊಂಡಿದ್ದು ಇದೇ ಕಾರಣಕ್ಕೆ. ನಮ್ಮಲ್ಲಿ ಉಪ್ಪಿಲ್ಲ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗದ ಶೆಡ್ಡುಗಳಿವೆ, ತೋಟದ ಕೆಂಪು ಕೆಸರಿದೆ.

ಹೀಗಾದಾಗ ಕಾರು ತೋರಿಸುವ ವರ್ತನೆ ದಿಗಿಲು ಹುಟ್ಟಿಸುವಂಥದು. ಮನೆಯ ಗೇಟಿನ ಹತ್ತಿರ ನಿಧಾನವಾಗಿ ಬಂದು, ಇನ್ನೇನು ನಿಲ್ಲಿಸಬೇಕು ಎನ್ನುವಾಗ ಪೆಡಲ್ ಗಡಗಡ ನಡುಗುತ್ತದೆ, ಕಾರು ಇನ್ನೂ ಎರಡಡಿ ಮುಂದೆ ಹೋಗುತ್ತದೆ. ರಸ್ತೆ ಒಣಗಿರುತ್ತದೆ, ಯಾವ ಚಕ್ರವೂ ಜಾರಿರುವುದಿಲ್ಲ. ಸೊರಗಿದ ಮಿಡಿತವನ್ನು ಕಂಪ್ಯೂಟರ್ ಲಾಕ್ ಆದ ಚಕ್ರವೆಂದು ನಂಬಿ ಬ್ರೇಕನ್ನು ಬಿಟ್ಟಿರುತ್ತದೆ. ಸೆನ್ಸರ್ ರಿಂಗ್ ಬಿರುಕು ಬಿಟ್ಟರೂ ಹೀಗೆಯೇ. ಬಿರುಕಿನ ಕಡೆ ಸಂದು ಅಗಲವಾಗಿ ಪ್ರತಿ ಸುತ್ತಿಗೂ ಎಣಿಕೆ ಒಮ್ಮೆ ತಪ್ಪುತ್ತದೆ. ಇಂಥ ಸಂದರ್ಭದಲ್ಲಿ ಹಳದಿ ದೀಪ ಹತ್ತದೆಯೂ ಇರಬಹುದು, ಏಕೆಂದರೆ ಕಂಪ್ಯೂಟರ್ ಪಾಲಿಗೆ ಎಲ್ಲವೂ ಸರಿಯಾಗಿದೆ. ದೀಪ ಹತ್ತಿ ಎಬಿಎಸ್ ಸುಮ್ಮನಾದ ಕಾರಿಗಿಂತ, ದೀಪವಿಲ್ಲದೆ ಹೀಗೆ ನಡುಗುವ ಕಾರಿನ ಬಗ್ಗೆ ನನಗೆ ಹೆಚ್ಚು ಭಯ.

ಚಕ್ರ ಲಾಕ್ ಆದರೆ ಏನು ನಷ್ಟ ಎಂಬುದನ್ನು ಕೊಡಗಿನವರಿಗೆ ವಿವರಿಸುವುದು ಸುಲಭ. ಮಳೆಗಾಲದಲ್ಲಿ ತೋಟದ ಇಳಿಜಾರಿನಲ್ಲಿ ಹೆಜ್ಜೆಯೂರಿ ಇಳಿಯುವಷ್ಟು ಹೊತ್ತು ಎಡಕ್ಕೋ ಬಲಕ್ಕೋ ತಿರುಗಬಹುದು. ಕಾಲು ಒಮ್ಮೆ ಜಾರಿತೋ, ಆಮೇಲೆ ಹೋಗುವ ದಿಕ್ಕು ಇಳಿಜಾರಿನದು, ನಮ್ಮದಲ್ಲ. ಚಕ್ರವೂ ಹಾಗೆಯೇ. ತಿರುಗುತ್ತಿರುವ ಟೈರು ರಸ್ತೆಯನ್ನು ಹಿಡಿದಿರುತ್ತದೆ, ಲಾಕ್ ಆದ ಟೈರು ಬರೀ ಉಜ್ಜುತ್ತದೆ. ಆಗ ಸ್ಟಿಯರಿಂಗನ್ನು ಎಷ್ಟು ತಿರುಗಿಸಿದರೂ ಕಾರು ನೆಟ್ಟಗೆ ಹೋಗುತ್ತದೆ. ತಿರುವಿನಾಚೆ ಕಣಿವೆಯಿರುವ ರಸ್ತೆಯಲ್ಲಿ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

ಲಾಕ್ ಆಗುವುದನ್ನು ತಪ್ಪಿಸುವ ಯೋಚನೆ ಹಳೆಯದು. ಜರ್ಮನಿಯ ಬಾಷ್ ಕಂಪನಿ 1936ರಲ್ಲೇ ಪೇಟೆಂಟ್ ಪಡೆದಿತ್ತು, ಆದರೆ ಕೆಲಸಕ್ಕೆ ಬರುವ ಯಂತ್ರ ಆಗಲಿಲ್ಲ. ಮೊದಲು ಗೆದ್ದದ್ದು ವಿಮಾನದಲ್ಲಿ. 1950ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಡನ್ಲಪ್ ಕಂಪನಿ ತಂದ ಮ್ಯಾಕ್ಸರೆಟ್ ಸಾಧನದಲ್ಲಿ ಎಲೆಕ್ಟ್ರಾನಿಕ್ಸ್ ಒಂದು ಚೂರೂ ಇಲ್ಲ. ಚಕ್ರದ ಜೊತೆ ತಿರುಗುವ ಪುಟ್ಟ ಫ್ಲೈವೀಲ್ ಒಂದಿತ್ತು. ಚಕ್ರ ಹಠಾತ್ತನೆ ನಿಂತರೂ ಫ್ಲೈವೀಲ್ ತನ್ನ ಜಡತ್ವದಿಂದ ಮುಂದಕ್ಕೆ ತಿರುಗುತ್ತಿತ್ತು, ಆ ವ್ಯತ್ಯಾಸವೇ ವಾಲ್ವನ್ನು ತೆರೆದು ಬ್ರೇಕ್ ಸಡಿಲಿಸುತ್ತಿತ್ತು. ಎಂಥ ಅಚ್ಚುಕಟ್ಟು! 1966ರಲ್ಲಿ ಅದನ್ನೇ ಜೆನ್ಸನ್ ಎಫ್‌ಎಫ್ ಎಂಬ ಕಾರಿಗೆ ಹಾಕಿದರು. ಅಂಥ ಕಾರುಗಳು ತಯಾರಾದದ್ದು 320 ಮಾತ್ರ. ಹೈಡೆಲ್‌ಬರ್ಗಿನ ಟೆಲ್ಡಿಕ್ಸ್ ಕಂಪನಿಯಲ್ಲಿ ಹೈನ್ಸ್ ಲೈಬರ್ ಮತ್ತು ಸಂಗಡಿಗರು ಎಲೆಕ್ಟ್ರಾನಿಕ್ ದಾರಿ ಹಿಡಿದರು. ಅವರ ಮೊದಲ ಮಾದರಿಯಲ್ಲಿ ಸಾವಿರದಷ್ಟು ಬಿಡಿಭಾಗಗಳಿದ್ದವು, ಕಾರಿನ ಕಂಪನ ಮತ್ತು ಬಿಸಿಗೆ ಅವು ತಾಳಲಿಲ್ಲ. ಡಿಜಿಟಲ್ ಚಿಪ್‌ಗಳು ಬಂದ ಮೇಲೆ ಅವನ್ನು 140ರಷ್ಟಕ್ಕೆ ಇಳಿಸಲು ಸಾಧ್ಯವಾಯಿತು, ಆ ಕೆಲಸದ ಫಲವಾಗಿ 1978ರಲ್ಲಿ ಬಾಷ್ ಎಬಿಎಸ್ ಮರ್ಸಿಡಿಸ್‌ನ ಎಸ್ ಕ್ಲಾಸ್ ಕಾರಿಗೆ ಬಂತು. ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೋ ಎಂಬ ಹೆಸರಿನಲ್ಲಿ ನಾವು ಕಂಡ ಕಾರ್ಖಾನೆ ಇದೇ ಬಾಷ್ ಕಂಪನಿಯದು. ಭಾರತದಲ್ಲಿ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ.

ಎಬಿಎಸ್ ಇದ್ದರೆ ಕಾರು ಯಾವಾಗಲೂ ಬೇಗ ನಿಲ್ಲುತ್ತದೆ ಎಂಬ ಜಾಹೀರಾತಿನ ಮಾತನ್ನು ನಾನು ಒಪ್ಪುವುದಿಲ್ಲ. ಒದ್ದೆ ಡಾಂಬರಿನ ಮೇಲೆ ನಿಜ. ತೋಟದ ಜಲ್ಲಿ ರಸ್ತೆಯಲ್ಲಿ ಲಾಕ್ ಆದ ಚಕ್ರ ತನ್ನ ಮುಂದೆ ಜಲ್ಲಿ ಗುಡ್ಡೆ ಹಾಕಿಕೊಂಡು ಬೇಗ ನಿಲ್ಲುತ್ತದೆ. ಎಬಿಎಸ್ ಇದ್ದರೆ ತುಸು ದೂರ ಹೆಚ್ಚೇ ಬೇಕು. ಎಬಿಎಸ್ ಕೊಡುವುದು ಮುಖ್ಯವಾಗಿ ಸ್ಟಿಯರಿಂಗ್ ಹಿಡಿತ. 1980ರ ದಶಕದಲ್ಲಿ ಮ್ಯೂನಿಕ್ ನಗರದ ಟ್ಯಾಕ್ಸಿಗಳಲ್ಲಿ ಕೆಲವಕ್ಕೆ ಎಬಿಎಸ್ ಹಾಕಿ, ಕೆಲವನ್ನು ಹಾಗೇ ಬಿಟ್ಟು ನೋಡಿದಾಗ ಅಪಘಾತಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಎಬಿಎಸ್ ಇದೆಯೆಂಬ ಧೈರ್ಯಕ್ಕೆ ಚಾಲಕರು ಹೆಚ್ಚು ಬಿರುಸಾಗಿ ಓಡಿಸಿದ್ದರು.

ಇನ್ನು ಘಾಟಿಯ ಮಾತು. ಹಳದಿ ದೀಪ ಮಾತ್ರ ಹತ್ತಿದ್ದರೆ ಸಾಮಾನ್ಯ ಬ್ರೇಕ್ ಇದ್ದೇ ಇದೆ. ಎಬಿಎಸ್ ಇಲ್ಲದ ಹಳೆಯ ಮಾರುತಿಯಂತೆ ಓಡಿಸಬೇಕು. ಕೆಳಗಿನ ಗೇರಿನಲ್ಲಿ ಇಳಿಯಿರಿ, ತಿರುವಿಗೆ ಮೊದಲೇ ಬ್ರೇಕ್ ಮುಗಿಸಿ. ಚಕ್ರ ಜಾರಿದರೆ ಪೆಡಲಿನಿಂದ ಕಾಲು ಸಡಿಲಿಸಿ ಮತ್ತೆ ಒತ್ತಿ. ಹಳದಿಯ ಜೊತೆ ಕೆಂಪು ಬ್ರೇಕ್ ದೀಪವೂ ಹತ್ತಿದರೆ ಕತೆ ಬೇರೆ. ಬ್ರೇಕ್ ಆಯಿಲ್ ಸೋರುತ್ತಿರಬಹುದು, ಇಲ್ಲವೇ ಹಿಂದಿನ ಚಕ್ರಗಳಿಗೆ ಒತ್ತಡ ಹಂಚುವ ವ್ಯವಸ್ಥೆ ನಿಂತಿರಬಹುದು. ಆ ಹಂಚಿಕೆ ನಿಂತಿದ್ದಾಗ ಹಿಂದಿನ ಚಕ್ರಗಳು ಮೊದಲು ಲಾಕ್ ಆಗಿ ಕಾರು ಗಿರ್ರನೆ ತಿರುಗಿಬಿಡಬಹುದು. ಘಾಟಿ ಶುರುವಾಗುವ ಪೆರುಂಬಾಡಿಯಿಂದ ಕೆಳಗೆ ಇಳಿಯಲೇಬೇಡಿ.

ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿಸಿ. ಅಗ್ಗದ ಸ್ಕ್ಯಾನರ್‌ಗಳು ಹೆಚ್ಚಾಗಿ ಎಂಜಿನ್ ಕೋಡ್ ಮಾತ್ರ ಓದುತ್ತವೆ, ಎಬಿಎಸ್ ಕೋಡ್ ಓದುವಂಥದೇ ಬೇಕು. ಅದು ‘ಮುಂದಿನ ಎಡ ಚಕ್ರ’ ಎಂದ ಮಾತ್ರಕ್ಕೆ ಸೆನ್ಸರ್ ಕೊಳ್ಳಲು ಓಡಬೇಡಿ. ಕೋಡ್ ಹೇಳುವುದು ಅಲ್ಲಿಂದ ಸುದ್ದಿ ಬರುತ್ತಿಲ್ಲ ಎಂದು, ಅಷ್ಟೆ. ವೈರನ್ನು ಇಲಿ ಕಡಿದಿರಬಹುದು, ಕಪ್ಲರ್‌ನೊಳಗೆ ಹಸಿರು ಕಿಲುಬು ಹಿಡಿದಿರಬಹುದು, ಬೇರಿಂಗ್ ಸಡಿಲಾಗಿ ಅಂತರ ಕೆಟ್ಟಿರಬಹುದು. ಚಕ್ರ ಬಿಚ್ಚಿ, ಸೆನ್ಸರ್ ಕೂರುವ ಜಾಗದ ತುಕ್ಕು ಕೆರೆದು, ಮಲ್ಟಿಮೀಟರಿನಲ್ಲಿ ಎಡ ಬಲ ಎರಡನ್ನೂ ಅಳೆದು ಹೋಲಿಸಿದರೆ ಅರ್ಧ ಗಂಟೆಯಲ್ಲಿ ವಿಷಯ ಗೊತ್ತಾಗುತ್ತದೆ. ಈಚಿನ ಕಾರುಗಳಲ್ಲಿ ಹಲ್ಲಿನ ಬಳೆಯ ಬದಲು ಬೇರಿಂಗಿನ ಒಂದು ಮಗ್ಗುಲಿಗೆ ಕಾಂತಪಟ್ಟಿ ಇರುತ್ತದೆ. ಬೇರಿಂಗನ್ನು ತಿರುಗುಮುರುಗಾಗಿ ಕೂರಿಸಿದರೆ ಹೊಸ ಸೆನ್ಸರ್ ಹಾಕಿದರೂ ದೀಪ ಆರದು. ಬಲ್ಬ್ ತೆಗೆಯುವುದನ್ನಂತೂ ಒಪ್ಪಬೇಡಿ. ಹಳೆಯ ಕಾರು ಕೊಳ್ಳುವವರು ಕೀಲಿ ತಿರುಗಿಸಿದಾಗ ಹಳದಿ ದೀಪ ಕ್ಷಣಕಾಲ ಹತ್ತಿ ಆರುತ್ತದೆಯೇ ನೋಡಬೇಕು. ಹತ್ತದಿದ್ದರೆ ಹಿಂದೆ ಯಾರೋ ಅದನ್ನು ಕಿತ್ತಿರುವ ಸಾಧ್ಯತೆ ಹೆಚ್ಚು.

ಯೂನಿಟ್ ಕೆಡುವುದೇ ಇಲ್ಲವೆಂದಲ್ಲ. ಅದನ್ನು ಒಳಗಿನಿಂದ ತಿನ್ನುವುದು ಹಳೆಯ ಬ್ರೇಕ್ ಆಯಿಲ್. ಈ ಆಯಿಲ್ ಗಾಳಿಯ ತೇವ ಹೀರುತ್ತದೆ, ಕೊಡಗಿನ ಗಾಳಿಯಲ್ಲಿ ತೇವಕ್ಕೇನು ಬರ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು, ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿಯಲ್ಲಿ ಹುಟ್ಟುವ ಬಿಸಿಯ ಲೆಕ್ಕ ನೋಡಿ. ಮಡಿಕೇರಿಯಿಂದ ಸಂಪಾಜೆಗೆ ಇಳಿತ ಸುಮಾರು ಸಾವಿರ ಮೀಟರ್. ಒಂದು ಟನ್ನಿನ ಕಾರು ಅಷ್ಟು ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಮೂವತ್ತು ಲೀಟರ್ ತಣ್ಣೀರನ್ನು ಕುದಿಯುವವರೆಗೆ ಕಾಯಿಸಲು ಸಾಕು. ಎಂಜಿನ್ ತಡೆಯದ ಪಾಲೆಲ್ಲ ಹೆಚ್ಚಾಗಿ ಬ್ರೇಕಿಗೇ ಹೋಗುತ್ತದೆ. ಆಯಿಲ್ ಕುದಿದು ಆವಿಯಾದರೆ ಪೆಡಲ್ ನೆಲ ಮುಟ್ಟುತ್ತದೆ, ಎಬಿಎಸ್ ಇದ್ದೂ ಪ್ರಯೋಜನವಿಲ್ಲ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ. ಬದಲಿಸುವಾಗ ಡಬ್ಬಿ ಖಾಲಿಯಾಗಲು ಬಿಡದಂತೆ ಮೆಕ್ಯಾನಿಕ್‌ಗೆ ಹೇಳಿ. ಗಾಳಿ ಎಬಿಎಸ್ ಯೂನಿಟ್ಟಿನೊಳಗೆ ಸೇರಿಕೊಂಡರೆ ಪೆಡಲ್ ತುಳಿದು ತೆಗೆಯಲು ಬಾರದು, ಅದನ್ನು ಹೊರಹಾಕಲು ಸ್ಕ್ಯಾನರ್ ಜೋಡಿಸಿ ಪಂಪನ್ನೇ ಓಡಿಸಬೇಕಾಗುತ್ತದೆ.